ಗೆರಟೆಯೊಳಗಿನ ಮರ್ಯಾದೆ

ನಮ್ಮ ಮನೆಯಲ್ಲಿ ಒಂದು ತಗಡಿನ ಡಬ್ಬಿ ಇದೆ. ಹಿಂದೊಂದು ಕಾಲದಲ್ಲಿ ಅದರೊಳಗೆ ಬಿಸ್ಕತ್ತು ಇತ್ತು ಎಂದು ಮುಚ್ಚಳದ ಮೇಲಿನ ಮಾಸಿದ ಚಿತ್ರ ಸಾಕ್ಷಿ ಹೇಳುತ್ತದೆ. ನಾನು ಕಂಡಂತೆ ಅದರಲ್ಲಿರುವುದು ಗುಂಡಿಗಳು ಮಾತ್ರ. ಅಂಗಿ ಹಳತಾಗಿ, ಮೊದಲು ಮನೆಯೊಳಗಿನ ಅಂಗಿಯಾಗಿ, ಆಮೇಲೆ ನೆಲ ಒರಸುವ ಬಟ್ಟೆಯಾಗಿ, ಕೊನೆಗೆ ಸೈಕಲ್ ಒರಸುವ ಚಿಂದಿಯಾಗಿ ಪದಚ್ಯುತಿ ಹೊಂದುತ್ತಾ ಹೋದರೂ ಅದರ ಗುಂಡಿಗಳು ಈ ಡಬ್ಬಿಯಲ್ಲಿ ಪಿಂಚಣಿದಾರರ ಹಾಗೆ ಸುಖವಾಗಿ ಕೂತಿರುತ್ತವೆ. ಮೊನ್ನೆ ಮೂಡುಬಿದಿರೆಯಲ್ಲಿ ಒಂದು ಮದುವೆಗೆ ಹೊರಟಾಗ ನನ್ನ ಅಂಗಿಯ ಮೂರನೆಯ ಗುಂಡಿ ಯಾವ ಮುನ್ಸೂಚನೆಯೂ ಇಲ್ಲದೆ ರಾಜೀನಾಮೆ ಕೊಟ್ಟಿತು. ಮನೆಯವಳು ಡಬ್ಬಿಯನ್ನು ಚಾಪೆಯ ಮೇಲೆ ಬೋರಲು ಹಾಕಿ ಅದಕ್ಕೊಂದು ಉತ್ತರಾಧಿಕಾರಿಯನ್ನು ಹುಡುಕತೊಡಗಿದಳು.

"ಈ ಮಂಜೊಟ್ಟಿ ಕಾಯಿ ಇನ್ನೂ ಇಲ್ಲೇ ಉಂಟಲ್ಲ. ಬಿಸಾಡ್ಲಾ?" ಎಂದಳು.

"ಬೇಡ. ಅದು ನನ್ನದಲ್ಲ."

"ನಿಮ್ಮದಲ್ಲಾಂತ ನನಗೆ ಗೊತ್ತುಂಟು. ಸುಮ್ಮನೆ ಕೇಳಿದ್ದು."

ಮಂಜೊಟ್ಟಿ ಎಂದರೆ ಹೊರಗಿನವರಿಗೆ ಗೊತ್ತಾಗಲಿಕ್ಕಿಲ್ಲ. ಕೆಂಪಗೆ ಹೊಳೆಯುವ ಒಂದು ಗಟ್ಟಿ ಬೀಜ. ನಮ್ಮ ಕಡೆ ಹೆಂಗಸರು ಮಳೆಗಾಲದ ಆಟಿ ತಿಂಗಳಲ್ಲಿ ಗುಳಿಗಳ ಚೆನ್ನೆಮಣೆ ಆಡುವುದು ಇದರಲ್ಲೇ. ಎಷ್ಟು ವರ್ಷ ಇಟ್ಟರೂ ಬಣ್ಣ ಮಾಸುವುದಿಲ್ಲ. ಆದರೆ ನಮ್ಮ ಡಬ್ಬಿಯಲ್ಲಿರುವುದು ಬರಿಯ ಬೀಜವಲ್ಲ. ಅದು ಬಂಟ್ವಾಳದ ಜವುಳಿ ಅಂಗಡಿಯ ಇಬ್ರಾಯಿಯ ಮರ್ಯಾದೆ. ಪೂರ್ತಿ ಮರ್ಯಾದೆಯಲ್ಲ, ಒಂಬತ್ತರಲ್ಲಿ ಒಂದು ಪಾಲು.

ಸ್ವಲ್ಪ ಹಿಂದಿನಿಂದ ಹೇಳದಿದ್ದರೆ ನೀವು ನನ್ನ ಬುದ್ಧಿಯ ಬಗ್ಗೆ ಸಂಶಯ ಪಡುತ್ತೀರಿ.

ಎಪ್ಪತ್ತರ ದಶಕದ ನಡುವಿನಲ್ಲಿ ನಾನು ಬಂಟ್ವಾಳದ ಒಂದು ಹೈಸ್ಕೂಲಿನಲ್ಲಿ ಸಮಾಜಪಾಠದ ಮಾಸ್ತರನಾಗಿದ್ದೆ. ಊರು ಶಿರ್ತಾಡಿ, ಮದುವೆಯಾಗಿರಲಿಲ್ಲ, ಪೇಟೆಯಲ್ಲಿ ಒಂದು ಬಾಡಿಗೆ ಕೋಣೆ. ಆ ಕಾಲದಲ್ಲಿ ಮಾಸ್ತರನ ಮರ್ಯಾದೆ ಎನ್ನುವುದು ಗಂಜಿ ಹಾಕಿದ ಬಿಳಿ ಪಂಚೆಯಂಥದು. ಉಟ್ಟವನಿಗೆ ಕೂರಲೂ ಭಯ, ನಿಲ್ಲಲೂ ಭಯ. ಮಾಷ್ಟ್ರು ರಸ್ತೆಯಲ್ಲಿ ನೆಲಕಡಲೆ ತಿನ್ನಬಾರದು. ಮಾಷ್ಟ್ರು ಹೊಳೆಯಲ್ಲಿ ಈಜಬಾರದು, ಈಜಿದರೂ ಮುಳುಗು ಹಾಕಬಾರದು. ಒಮ್ಮೆ ಪಾಣೆಮಂಗಳೂರಿನ ಕಡೆಯಿಂದ ಬರುವಾಗ ಬಸ್ಸಿನಲ್ಲಿ ಜೋರಾಗಿ ಸೀನಿದ್ದಕ್ಕೆ ಮರುದಿನ ಮುಖ್ಯೋಪಾಧ್ಯಾಯರು ನನ್ನ ಆರೋಗ್ಯ ವಿಚಾರಿಸಿದ್ದರು. ಹೀಗೆ ವಾರದ ಆರು ದಿನ ಮರ್ಯಾದೆಯನ್ನು ತಲೆಯ ಮೇಲೆ ತುಂಬಿದ ಕೊಡದಂತೆ ಹೊತ್ತು ನಡೆಯುತ್ತಿದ್ದ ನಾನು, ಭಾನುವಾರ ಮಧ್ಯಾಹ್ನ ಊಟವಾದದ್ದೇ ಇಬ್ರಾಯಿಯ ಅಂಗಡಿಯ ಅಟ್ಟ ಹತ್ತಿ ಕಡಲುಗಳ್ಳನಾಗುತ್ತಿದ್ದೆ.

ಅಂಗಡಿ ನಿಜಕ್ಕೂ ಅವನ ಅಣ್ಣನದು. ಭಾನುವಾರ ಅಣ್ಣ ಮಲಗುತ್ತಿದ್ದುದರಿಂದ ಅಂಗಡಿ ನೋಡಿಕೊಳ್ಳುವ ಭಾರ ಇಬ್ರಾಯಿಯ ಮೇಲೆ ಬೀಳುತ್ತಿತ್ತು. ಅವನು ಅದನ್ನು ಅಟ್ಟದಿಂದಲೇ ನಿಭಾಯಿಸುತ್ತಿದ್ದ. ಗಿರಾಕಿ ಬಂದು ಕೆಮ್ಮಿದರೆ ಇಳಿಯುವುದು, ಇಲ್ಲವಾದರೆ ಇಲ್ಲ. ಪೇಟೆಯವರ ಲೆಕ್ಕದಲ್ಲಿ ಅವನು ಮಾತಿನ ಮಲ್ಲ, ಸಿನಿಮಾ ಹುಚ್ಚ, ಕೆಲಸಕ್ಕೆ ಬಾರದವ. ನನಗಿಂತ ಒಂದು ವರ್ಷಕ್ಕೆ ಚಿಕ್ಕವ.

ಅವನ ಅಜ್ಜನ ಕಾಲದಲ್ಲಿ ಅವರದು ಮಂಜಿಗಳ ಮನೆತನವಂತೆ. ಮಂಜಿ ಎಂದರೆ ಹಾಯಿ ಕಟ್ಟಿದ ದೊಡ್ಡ ಸರಕಿನ ಹಡಗು. ಬಂಟ್ವಾಳದ ಧಕ್ಕೆಯಿಂದ, ಅಂದರೆ ಹೊಳೆಬದಿಯ ದೋಣಿಕಟ್ಟೆಯಿಂದ, ದೋಣಿಯಲ್ಲಿ ಸರಕು ಮಂಗಳೂರಿಗೆ, ಅಲ್ಲಿಂದ ಮಂಜಿಯಲ್ಲಿ ಕಣ್ಣೂರು, ಕೊಲ್ಲಂ, ಒಮ್ಮೊಮ್ಮೆ ಮಸ್ಕತ್ತು. ಆ ಅಜ್ಜ ಹೇಳುತ್ತಿದ್ದರಂತೆ: "ಗಾಳಿ ದೇವರು ಕೊಡ್ತಾನೆ, ಹಡಗು ಆಚಾರಿ ಕಟ್ಟಿಕೊಡ್ತಾನೆ. ನೀರು ಕೊಡುವುದು ಮಾತ್ರ ಬಂದರಿನವರು. ಅವರು ಮೊದಲು ಕೇಳುವುದು, ಯಾರ ಹಡಗು ಅಂತ." ಅಜ್ಜ ಹೋದರು, ಹಡಗುಗಳು ಹೋದವು, ಈ ಒಂದು ಮಾತು ಮೊಮ್ಮಗನ ಪಾಲಿಗೆ ಉಳಿಯಿತು. ಅದರಿಂದ ಅವನೊಂದು ಆಟ ಕಟ್ಟಿದ.

ಹಳೆಯ ಕ್ಯಾಲೆಂಡರುಗಳ ಬೆನ್ನಿಗೆ ಗೋಂದು ಹಚ್ಚಿ ಸೇರಿಸಿ, ಕಾರವಾರದಿಂದ ಕೊಲ್ಲಂವರೆಗಿನ ಕರಾವಳಿಯನ್ನು ಬಿಡಿಸಿದ್ದು ನಾನು. ಪಡುಗಡಲಿನಲ್ಲಿ ಚೌಕಗಳು. ಬೆಂಕಿಪೊಟ್ಟಣದ ಒಳಗಿನ ತಟ್ಟೆಗಳು ಹಡಗುಗಳು. ಅವುಗಳಲ್ಲಿ ತುಂಬುವುದು ನಿಜವಾದ ಕಾಳುಮೆಣಸು. ಗಾಳಿ ಎತ್ತ ಬೀಸುತ್ತದೆ, ಯುದ್ಧದಲ್ಲಿ ಯಾರು ಗೆದ್ದರು ಎಂದು ಹೇಳುವುದು ಕವಡೆ. ಮೊದಲು ಹತ್ತು ಹೇರು ಮೆಣಸನ್ನು ಬಂಟ್ವಾಳದ ಧಕ್ಕೆಗೆ ಮುಟ್ಟಿಸಿದವನು ಗೆದ್ದ. ಇಷ್ಟಾದರೆ ಯಾರೂ ಕಟ್ಟಬಹುದಾದ ಆಟ. ಇಬ್ರಾಯಿಯ ಕೈಚಳಕ ಇದ್ದದ್ದು ಗೆರಟೆಯಲ್ಲಿ.

ಇಬ್ಬರ ಎದುರೂ ಒಂದೊಂದು ತೆಂಗಿನ ಗೆರಟೆ. ಅದರಲ್ಲಿ ಒಂಬತ್ತು ಮಂಜೊಟ್ಟಿ. ಅದೇ ಮರ್ಯಾದೆ. ನಕ್ಷೆಯ ಅಂಚಿಗೆ ತಟ್ಟಿ ಎಚ್ಚರಿಸದೆ ಇನ್ನೊಬ್ಬನ ಹಡಗಿನ ಮೇಲೆ ಬಿದ್ದರೆ ಒಂದು ಕಾಯಿ ಹೋಯಿತು. 'ನಿನ್ನನ್ನು ಮುಟ್ಟುವುದಿಲ್ಲ' ಎಂದು ಮಾತು ಕೊಟ್ಟು ಮುಟ್ಟಿದರೆ ಮೂರು. ಗಾಳಿಗೆ ಸಿಕ್ಕಿ ಮುರಿದ ಎದುರಾಳಿಯ ಹಡಗನ್ನು ದಡಕ್ಕೆ ಎಳೆದು ತಂದರೆ ಒಂದು ಬಂತು. ಗೆರಟೆಯಲ್ಲಿ ಮೂರಕ್ಕಿಂತ ಕಡಿಮೆ ಇದ್ದವನಿಗೆ ಯಾವ ಬಂದರೂ ಬಾಗಿಲು ತೆರೆಯದು. ನೀರಿಲ್ಲದೆ ನಾಲ್ಕು ಸರದಿ ಕಳೆದ ಹಡಗು ಮತ್ತೆ ಬೆಂಕಿಪೊಟ್ಟಣವಾಗುತ್ತದೆ. ಇನ್ನೂ ಒಂದು ನಿಯಮ ಇತ್ತು, ಅಪರೂಪದ್ದು: ಬಂದರಿನ ಹೊರಗೆ ಒಣಗಿ ನಿಂತವನ ಗೆರಟೆಗೆ ಇನ್ನೊಬ್ಬ ತನ್ನ ಒಂದು ಕಾಯಿ ಹಾಕಿ ಜಾಮೀನು ನಿಲ್ಲಬಹುದು. ಆ ಹಡಗು ಮನೆ ಮುಟ್ಟಿದ ಮೇಲೆ ಕಾಯಿ ವಾಪಸು. ಅಷ್ಟರಲ್ಲಿ ಅವನು ಮಾತು ತಪ್ಪಿದರೆ ಇಬ್ಬರದೂ ಹೋಯಿತು.

ಬಂದರುಗಳಾಗಿ ಕೂರುತ್ತಿದ್ದವರು ಕಾಮತರು. ತಾಲೂಕು ಕಚೇರಿಯಲ್ಲಿ ಗುಮಾಸ್ತರಾಗಿ ನಿವೃತ್ತರಾದವರು. ಕಾರವಾರ, ಹೊನ್ನಾವರ, ಮಂಗಳೂರು, ಕೊಲ್ಲಂ ಎಲ್ಲವೂ ಅವರೊಬ್ಬರೇ. ಹೋದ ಕಾಯಿಗಳು ಅವರ ಎಲೆಯಡಿಕೆ ಡಬ್ಬಿಗೆ ಜಮೆ. ಜೀವಮಾನವಿಡೀ ಜನರನ್ನು ಕಚೇರಿಯ ಹೊರಗೆ ನಿಲ್ಲಿಸಿ ಅನುಭವವಿದ್ದುದರಿಂದ ಆ ಪಾತ್ರಕ್ಕೆ ಅವರು ಏನೂ ಅಭಿನಯಿಸಬೇಕಾಗಿರಲಿಲ್ಲ. ಕನ್ನಡಕ ಮೂಗಿನ ತುದಿಗೆ ಇಳಿಸಿ, ಗೆರಟೆಯೊಳಗೆ ಇಣುಕಿ, "ಎಷ್ಟುಂಟು?" ಎಂದು ಕೇಳುವರು.

"ಎರಡು."

"ನಾಳೆ ಬನ್ನಿ."

ನನ್ನ ಆಟದ ರೀತಿಯನ್ನು ಈಗ ಒಪ್ಪಿಕೊಳ್ಳಬೇಕು. ನನ್ನಷ್ಟು ನೀಚ ನಾವಿಕ ಪಡುಗಡಲಿನಲ್ಲಿ ಇನ್ನೊಬ್ಬನಿರಲಿಲ್ಲ. ಮಾತು ಕೊಡುವುದು, ಮುರಿಯುವುದು, ಬಿಳಿ ಬಾವುಟ ತೋರಿಸಿ ಹತ್ತಿರ ಹೋಗಿ ಮುಳುಗಿಸುವುದು. ಯುದ್ಧಗಳನ್ನೆಲ್ಲ ನಾನೇ ಗೆಲ್ಲುತ್ತಿದ್ದೆ. ಆಟವನ್ನು ಮಾತ್ರ ಇಬ್ರಾಯಿ. ಆರು ಹಡಗು, ಹೊಟ್ಟೆ ತುಂಬ ಮೆಣಸು, ಕುಡಿಯಲು ಒಂದು ತೊಟ್ಟು ನೀರಿಲ್ಲ! ಕಾಮತರ ಬಂದರುಗಳ ಎದುರು ಸಾಲಾಗಿ ನಿಂತು ನನ್ನ ನೌಕಾಬಲ ಒಣಗುತ್ತಿತ್ತು. ಊರಿಡೀ ಪೋಕ್ರಿ ಎನ್ನುವ ಇಬ್ರಾಯಿ ಆಟದಲ್ಲಿ ಒಂದೇ ಒಂದು ಸಲವೂ ಮಾತು ತಪ್ಪಿದವನಲ್ಲ.

"ನಿಮ್ಮ ಮರ್ಯಾದೆಯನ್ನು ಖರ್ಚು ಮಾಡ್ಲಿಕ್ಕೆ ಗೊತ್ತಿಲ್ಲ ಮಾಷ್ಟ್ರೇ" ಎನ್ನುತ್ತಿದ್ದ. "ಶಾಲೆಯಲ್ಲಿ ಒಂದು ಪೈಸೆಯದ್ದೂ ಬಿಚ್ಚುವುದಿಲ್ಲ. ಇಲ್ಲಿ ಬಂದು ಒಂದೇ ದಿನದಲ್ಲಿ ಎಲ್ಲ ಹಾರಿಸ್ತೀರಿ."

ಅಂಥ ಒಂದು ಭಾನುವಾರ ಕೆಳಗೆ ಯಾರೋ ಕೆಮ್ಮಿದರು. ಇಬ್ರಾಯಿ ಇಳಿದು ಹೋದ. ನಾರಾವಿಯ ಶಾಂತಿರಾಜರು ಎಂಬವರು ಪಂಚೆ ನೋಡಲು ಬಂದಿದ್ದರು. ನಮ್ಮ ಕಡೆ ಹೆಣ್ಣು ಕೊಡುವ ಮೊದಲು ಹುಡುಗನಿರುವ ಪೇಟೆಗೆ ಹೋಗಿ, ಏನೋ ವ್ಯಾಪಾರದ ನೆವದಿಂದ ಅಂಗಡಿಯಲ್ಲಿ ಕೂತು, ಅವನ ನಡತೆಯನ್ನು ಸದ್ದಿಲ್ಲದೆ ವಿಚಾರಿಸಿ ಬರುವ ಪದ್ಧತಿ ಇತ್ತು. ಶಾಂತಿರಾಜರು ತಂಗಿಯ ಮಗಳ ಸಲುವಾಗಿ ಬಂದವರು. ವಿಚಾರಿಸಬೇಕಾದ ಹುಡುಗ ನಾನು. ಅವರು ಪಂಚೆಯ ಅಂಚು ತಿಕ್ಕಿ ನೋಡುತ್ತಾ, "ಇಲ್ಲಿ ಶಾಲೆಯಲ್ಲಿ ಶಿರ್ತಾಡಿ ಕಡೆಯ ಒಬ್ಬ ಮಾಷ್ಟ್ರು ಇದ್ದಾರಂತಲ್ಲ, ಜನ ಹೇಗೆ?" ಎಂದು ಕೇಳುವುದಕ್ಕೂ, ಅಟ್ಟದಲ್ಲಿ ನಾನು ಕಾಮತರೊಡನೆ ಜಗಳಕ್ಕೆ ನಿಲ್ಲುವುದಕ್ಕೂ ಸರಿಹೋಯಿತು.

"ಮಾತು ಕೊಟ್ಟದ್ದು ಹೌದು ಕಾಮತ್ರೇ! ಯಾರು ಇಲ್ಲ ಹೇಳಿದ್ದು? ಈಗ ಮುರೀತೇನೆ. ಹೋಗುವ ಮರ್ಯಾದೆ ಹೋಗ್ಲಿ!"

ಶಾಂತಿರಾಜರು ಪಂಚೆ ಕೆಳಗಿಟ್ಟು ಮೇಲೆ ನೋಡಿದರಂತೆ. "ಅದು ಯಾರು?"

ಇಬ್ರಾಯಿ ಬೇಕಾದರೆ ಒಂದು ಸುಳ್ಳು ಹೇಳಬಹುದಿತ್ತು. "ಅವರೇ, ನೀವು ಕೇಳಿದ ಮಾಷ್ಟ್ರು" ಎಂದ. "ಒಂದು ಆಟ ಆಡ್ತಿದ್ದೇವೆ. ಆಟದಲ್ಲಿ ಅವರಷ್ಟು ಕಳ್ಳ ಈ ತಾಲೂಕಿನಲ್ಲಿ ಇಲ್ಲ. ಇಲ್ಲಿಂದ ಕೆಳಗಿಳಿದರೆ ನೀರು ಕುಡೀಲಿಕ್ಕೂ ನಾಲ್ಕು ಜನ ಏನು ಹೇಳ್ತಾರೆ ಅಂತ ನೋಡುವ ಮನುಷ್ಯ. ಹೆಣ್ಣು ಕೊಡ್ಲಿಕ್ಕೆ ಕೇಳಿದ್ದಾದ್ರೆ ಧೈರ್ಯವಾಗಿ ಕೊಡಿ. ನಾನು ಜಾಮೀನು."

"ನೀನು ಜಾಮೀನು? ನಿನ್ನದೇನುಂಟು ಜಾಮೀನಿಗೆ?"

"ನನ್ನ ಮಾತು. ಮತ್ತೆ ಈ ಪಂಚೆ ತಗೊಳ್ಳುವುದಾದ್ರೆ ಹೇಳ್ತೇನೆ, ಮೊದಲ ಒಗೆತಕ್ಕೆ ನಾಲ್ಕು ಬೆರಳು ಗಿಡ್ಡ ಆಗ್ತದೆ."

ಅವರು ಪಂಚೆ ಕೊಂಡುಹೋದರು. ಹದಿನೈದು ದಿನ ಯಾವ ಸುದ್ದಿಯೂ ಇಲ್ಲ. ಆಮೇಲೆ ಒಪ್ಪಿಗೆ ಬಂತು. ತಡವಾದದ್ದೇಕೆಂದು ಮದುವೆಯ ಚಪ್ಪರದಲ್ಲಿ ಅವರೇ ಹೇಳಿದರು: ಪಂಚೆಯನ್ನು ಒಗೆದು, ಒಣಗಿಸಿ, ಬೆರಳಿಟ್ಟು ನೋಡಿದರಂತೆ. ಸರಿಯಾಗಿ ನಾಲ್ಕು ಬೆರಳು ಗಿಡ್ಡವಾಗಿತ್ತು. "ಬಟ್ಟೆಯ ವಿಷಯದಲ್ಲಿ ಸತ್ಯ ಹೇಳಿದವ ಮಾಷ್ಟ್ರ ವಿಷಯದಲ್ಲಿಯೂ ಸತ್ಯವೇ ಹೇಳಿರ್ತಾನೆ ಅಂತ ಗ್ರಹಿಸಿದೆ." ಹೀಗೆ, ಒಂದು ಪಂಚೆ ಗಿಡ್ಡವಾದ ಕಾರಣದಿಂದ ನನಗೆ ಮದುವೆಯಾಯಿತು. ಮನೆಯವಳಿಗೆ ಈ ಕಥೆಯ ಮೇಲೆ ಬಹಳ ಪ್ರೀತಿ. ಪಂಚೆ ಗಿಡ್ಡವಾಗದೇ ಇದ್ದಿದ್ದರೆ ತನಗೆ ಒಬ್ಬ ಬ್ಯಾಂಕಿನ ನೌಕರ ಸಿಗುತ್ತಿದ್ದ ಎಂದು ಈಗಲೂ ಸೇರಿಸುತ್ತಾಳೆ.

ಮದುವೆಯಾದ ಮೇಲೂ ಭಾನುವಾರಗಳು ತಪ್ಪಲಿಲ್ಲ. ಆ ಅಟ್ಟದ ವಾಸನೆ ಈಗಲೂ ಮೂಗಿನಲ್ಲಿದೆ: ಹೊಸ ಬಟ್ಟೆಯ ಗಂಜಿ, ಕಾಮತರ ಹೊಗೆಸೊಪ್ಪು, ಬೆಂಕಿಪೊಟ್ಟಣದ ತಟ್ಟೆಗಳಲ್ಲಿ ಉಳಿದ ಗಂಧಕ, ಮೆಣಸು. ಹಂಚಿನ ನಡುವೆ ಕೂರಿಸಿದ ಒಂದು ಗಾಜಿನಿಂದ ಬಿಸಿಲು ಚೌಕವಾಗಿ ಬಿದ್ದು, ಎರಡು ಗಂಟೆಗೆ ಕಾರವಾರದ ಮೇಲಿದ್ದದ್ದು ಐದು ಗಂಟೆಯ ಹೊತ್ತಿಗೆ ಕೊಲ್ಲಂ ದಾಟಿ ಗೋಡೆ ಹತ್ತುತ್ತಿತ್ತು. ಇಂಥದ್ದು ಮುಗಿಯುತ್ತದೆ ಎಂದು ಆಗ ಯಾರಿಗಾದರೂ ಅನ್ನಿಸುತ್ತದೆಯೇ, ನೀವೇ ಹೇಳಿ.

ಮುಗಿಯುವ ಸೂಚನೆ ಒಂದು ಕಾಗದದ ರೂಪದಲ್ಲಿ ಬಂತು. ಇಬ್ರಾಯಿಗೆ ದುಬೈಯಲ್ಲಿ ಕೆಲಸ ಸಿಗುವ ಹಾಗಿತ್ತು. ಅಣ್ಣನ ಅಂಗಡಿಯಲ್ಲಿ ಎಷ್ಟು ವರ್ಷ ಕೂತರೂ ಅವನು ತಮ್ಮನೇ. ಪಾಸ್‌ಪೋರ್ಟಿನ ಅರ್ಜಿಗೆ, ಈತ ಒಳ್ಳೆಯ ನಡತೆಯವನು, ನನಗೆ ಚೆನ್ನಾಗಿ ಪರಿಚಿತ ಎಂದು ಊರಿನಲ್ಲಿ ಮರ್ಯಾದೆ ಇರುವ ಇಬ್ಬರು ಬರೆದು ಸಹಿ ಹಾಕಬೇಕಂತೆ. ಕಾಮತರು ಅಲ್ಲಿಯೇ ಹಾಕಿದರು. ನನ್ನ ಕಾಗದವನ್ನು ನಾನು ಚೀಲಕ್ಕೆ ಹಾಕಿಕೊಂಡೆ. "ಶಾಲೆಯ ಮೊಹರು ಒತ್ತಿಸಿ ತರ್ತೇನೆ, ಹೆಚ್ಚು ತೂಕ ಬರ್ತದೆ" ಎಂದೆ.

ಮುಂದಿನ ಭಾನುವಾರ ಮೊಹರು ಮುಖ್ಯೋಪಾಧ್ಯಾಯರ ಕಪಾಟಿನಲ್ಲಿತ್ತು. ಅದರ ಮುಂದಿನ ಭಾನುವಾರ ಕಪಾಟಿನ ಬೀಗದ ಕೈ ಇರಲಿಲ್ಲ. ಮೂರನೆಯ ವಾರ ಪರೀಕ್ಷೆ. ನಾಲ್ಕನೆಯ ವಾರ ಏನು ಹೇಳಿದೆನೋ ನೆನಪಿಲ್ಲ. ಅಷ್ಟರಲ್ಲಿ ಅವನು ಕೇಳುವುದನ್ನೇ ಬಿಟ್ಟಿದ್ದ. ಹೊರದೇಶಕ್ಕೆ ಹೋಗುವವರ ಅರ್ಜಿಗೆ ಯೋಚಿಸದೆ ಸಹಿ ಹಾಕಬೇಡಿ ಎಂದು ಶಾಲೆಯಲ್ಲಿ ನಮಗೆಲ್ಲ ಹೇಳಿದ್ದರು. ಆ ವಿಷಯ ಪೇಟೆಗೂ ಗೊತ್ತಿತ್ತು. ನಾನು ಆ ಹೆದರಿಕೆಯಿಂದ ತಡಮಾಡುತ್ತಿದ್ದೇನೆ ಎಂದು ಅವನು ತಿಳಿದ. ನಾನು ತಿಳಿಯಗೊಟ್ಟೆ.

ಕಾಗದ ಮನೆಯ ಟ್ರಂಕಿನಲ್ಲಿ, ಬಟ್ಟೆಯ ಅಡಿಯಲ್ಲಿ ಹಾಸಿದ ಪತ್ರಿಕೆಯ ಕೆಳಗಿತ್ತು. ಐದನೆಯ ವಾರ ಮನೆಯವಳ ಕೈಗೆ ಸಿಕ್ಕಿತು.

"ಇದಕ್ಕೆ ಯಾಕೆ ಇನ್ನೂ ಸಹಿ ಹಾಕ್ಲಿಲ್ಲ?"

ನನಗೆ ಸುಳ್ಳು ಹೊಳೆಯಲಿಲ್ಲ. "ಅವನು ಹೋದ್ರೆ ಆಟ ಯಾರೊಟ್ಟಿಗೆ?" ಎಂದೆ.

ಅವಳು ಕಾಗದವನ್ನು ನನ್ನ ಮುಖದ ಎದುರು ಹಿಡಿದಳು. "ನನ್ನ ಸೋದರಮಾವನ ಎದುರು ನಿಮಗೆ ಜಾಮೀನು ನಿಲ್ಲುವಾಗ ಇಬ್ರಾಯಿಯವರು ತಮ್ಮ ಮಾತನ್ನು ಹೀಗೆ ಟ್ರಂಕಿನಲ್ಲಿ ಇಟ್ಟುಕೊಂಡಿದ್ರಾ?"

ಅಲ್ಲಿಯೇ ಸಹಿ ಹಾಕಿ, ಶಾಲೆಯ ಮೊದಲ ಪಾಠ ಬಿಟ್ಟು, ಮಾಸ್ತರರು ಓಡಬಾರದ ರಸ್ತೆಯಲ್ಲಿ ಓಡಿದೆ. ಅಂಗಡಿಯ ಮೆಟ್ಟಿಲಲ್ಲಿ ಕಾಮತರು ಕೂತಿದ್ದರು. ಕಾಗದ ನೋಡಿ ಕನ್ನಡಕ ಇಳಿಸಿದರು. "ಕಳೆದ ವಾರ ದನದ ಡಾಕ್ಟ್ರು ಹಾಕಿದ್ರು. ಸರಿಯಾದ ಪರಿಚಯ ಇಲ್ಲದಿದ್ರೂ ಹಾಕಿದ್ರು. ಅರ್ಜಿ ಹೋಗಿ ಆಯ್ತು."

ಒಳಗಿನಿಂದ ಇಬ್ರಾಯಿ ಬಂದ. "ಪರವಾಗಿಲ್ಲ ಮಾಷ್ಟ್ರೇ. ನಿಮ್ಮ ನೌಕರಿಗೆ ತೊಂದರೆ ಆಗುವುದು ನನಗೂ ಬೇಡ" ಎಂದ. ಮುಖದಲ್ಲಿ ನಗು ಇತ್ತು. ಗಿರಾಕಿಗಳಿಗೆ ತೋರಿಸುವ ನಗು. ಅಷ್ಟು ವರ್ಷದಲ್ಲಿ ನನಗೆ ಅದನ್ನು ತೋರಿಸಿರಲಿಲ್ಲ.

ನಾಲ್ಕು ಶಬ್ದದ ಮಾತು ಸಾಕಿತ್ತು: 'ನೀನು ಹೋಗುವುದು ನನಗೆ ಬೇಡವಾಗಿತ್ತು.' ನೌಕರಿಗೆ ಹೆದರಿದ ಮಾಸ್ತರ ಎನಿಸಿಕೊಳ್ಳಬಹುದು. ಮೀಸೆ ಬಂದ ಗಂಡಸು ಆಟಕ್ಕೆ ಜತೆ ಇಲ್ಲವೆಂದು ಗೆಳೆಯನ ಅನ್ನಕ್ಕೆ ಅಡ್ಡ ಬಂದ ಎಂದು ಹೇಳಿಕೊಳ್ಳುವುದು ಹೇಗೆ? ಮೊದಲನೆಯದರಲ್ಲಿ ಮರ್ಯಾದೆ ಸ್ವಲ್ಪ ಉಳಿಯುತ್ತದೆ. ನಾನು ಅದನ್ನೇ ಉಳಿಸಿಕೊಂಡೆ.

ಅವನು ಹೊರಡುವ ಮುಂಚಿನ ಭಾನುವಾರ ಕೊನೆಯ ಆಟ. ನನ್ನ ಗೆರಟೆಯಲ್ಲಿ ಎರಡೇ ಕಾಯಿ. ಉಳಿದದ್ದು ಒಂದೇ ಹಡಗು, ಕೊಲ್ಲಂ ಬಂದರಿನ ಎದುರು ಮೂರು ಸರದಿಯಿಂದ ನೀರಿಲ್ಲದೆ ನಿಂತಿತ್ತು. ಕಾಮತರು ಇಣುಕಿ ನೋಡಿ, "ನಾಳೆ ಬನ್ನಿ" ಎಂದರು, ಯಾವತ್ತಿಗಿಂತ ಸ್ವಲ್ಪ ಗಟ್ಟಿಯಾಗಿ. ಇಬ್ರಾಯಿ ತನ್ನ ಗೆರಟೆಗೆ ಕೈ ಹಾಕಿ ಒಂದು ಕಾಯಿ ತೆಗೆದು ನನ್ನದಕ್ಕೆ ಹಾಕಿದ. ಟಕ್ ಎಂದಿತು.

"ಜಾಮೀನು" ಎಂದ.

"ಬೇಡ ಮಾರಾಯ. ಕಾಮತ್ರೇ, ನಾನು ಸೋತೆ ಅಂತ ಬರ್ಕೊಳ್ಳಿ."

"ನೀರು ಕೊಡಿ ಕಾಮತ್ರೇ" ಎಂದನೇ ಹೊರತು ನನ್ನ ಕಡೆ ನೋಡಲಿಲ್ಲ.

ಕಾಮತರು ನೀರು ಕೊಟ್ಟರು. ಅಷ್ಟರಲ್ಲಿ ಅಣ್ಣ ಎದ್ದು ಕೆಳಗಿನಿಂದ ಕರೆದ. ಯಾರೋ ನೆಂಟರು ಬೀಳ್ಕೊಡಲು ಬಂದಿದ್ದರು. ಆಟ ಅಲ್ಲಿಗೇ ನಿಂತಿತು. ಕಾಮತರು ಕಡಲನ್ನು ಮಡಚಿ ಕಂಕುಳಲ್ಲಿಟ್ಟುಕೊಂಡು ಹೋದರು. ಕಾಯಿ ನನ್ನ ಅಂಗಿಯ ಕಿಸೆಯಲ್ಲಿ ಮನೆಗೆ ಬಂತು.

ಆಮೇಲೆ ನನಗೆ ಬೆಳ್ತಂಗಡಿಗೆ ವರ್ಗವಾಯಿತು. ಕಾಮತರು ತೀರಿಕೊಂಡರು, ಅವರೊಂದಿಗೆ ಕಾರವಾರದಿಂದ ಕೊಲ್ಲಂವರೆಗಿನ ಅಷ್ಟೂ ಬಂದರುಗಳು ಮುಚ್ಚಿದವು. ಇಬ್ರಾಯಿಯಿಂದ ವರ್ಷಕ್ಕೊಂದು ಕಾಗದ ಬರುತ್ತಿತ್ತು, ಆರೋಗ್ಯ, ಹವೆ, ಎಲ್ಲರಿಗೂ ನಮಸ್ಕಾರ. ರಜೆಯಲ್ಲಿ ಊರಿಗೆ ಬಂದು ಹೋದದ್ದು ಬೇರೆಯವರಿಂದ ತಿಳಿಯುತ್ತಿತ್ತು.

ಎಂಬತ್ತರ ದಶಕದ ನಡುವಿನಲ್ಲಿ ಒಂದು ಮಧ್ಯಾಹ್ನ ಬೆಳ್ತಂಗಡಿಯ ನಮ್ಮ ಮನೆಯ ಎದುರು ಬಾಡಿಗೆ ಕಾರು ನಿಂತಿತು. ಇಳಿದದ್ದು ಇಬ್ರಾಯಿ, ದಪ್ಪಗಾಗಿದ್ದ. ಕಂಕುಳಲ್ಲಿ ಒಂದು ದೊಡ್ಡ ಪೆಟ್ಟಿಗೆ. "ಸಮುದ್ರದ್ದೇ ಆಟ ಮಾಷ್ಟ್ರೇ. ಅಲ್ಲಿಯ ದೊಡ್ಡ ಅಂಗಡಿಯಲ್ಲಿ ಕಂಡಿತು, ನಿಮ್ಮ ನೆನಪಾಯ್ತು" ಎಂದ. ತೆರೆದರೆ ಮೀನಿನ ಹುರುಪೆಯ ಹಾಗೆ ಹೊಳೆಯುವ ಕಡಲು, ಪ್ಲಾಸ್ಟಿಕ್ಕಿನ ಯುದ್ಧನೌಕೆಗಳು, ಪ್ರತಿಯೊಂದಕ್ಕೂ ತಿರುಗುವ ಫಿರಂಗಿ. ಇಬ್ಬರೂ ಜಗಲಿಯಲ್ಲಿ ಕೂತು ಆಡಿದೆವು. ಹೊಡೆಯುವುದು, ಮುಳುಗಿಸುವುದು, ಎಣಿಸುವುದು. ಅರ್ಧ ಗಂಟೆಯಲ್ಲಿ ಇಬ್ಬರೂ ಆಕಳಿಸಿದೆವು.

ಇಬ್ರಾಯಿ ಪೆಟ್ಟಿಗೆಯನ್ನು ಮಗುಚಿ, ಒಳಗೆ ಕೈಯಾಡಿಸಿ ನೋಡಿದ. "ಮರ್ಯಾದೆ ಕೊಟ್ಟೇ ಇಲ್ಲ ಮಾರಾಯ್ರೇ ಇವರು."

"ಅದಕ್ಕೇ ಬೇಗ ಮುಗಿಯುತ್ತದೆ."

ಮನೆಯವಳು ಅವಲಕ್ಕಿ, ಚಹಾ ತಂದಿಟ್ಟಳು. ಚಹಾ ಕುಡಿಯುತ್ತಾ ಅವನು ತಟ್ಟೆಯನ್ನೇ ನೋಡಿಕೊಂಡು ಕೇಳಿದ: "ನನ್ನದೊಂದು ಕಾಯಿ ನಿಮ್ಮ ಹತ್ತಿರ ಬಾಕಿ ಉಂಟಲ್ಲ?"

"ಉಂಟು. ತರ್ತೇನೆ."

ಒಳಗೆ ಹೋಗಿ ಡಬ್ಬಿ ತೆರೆದೆ. ಹುಡುಕಬೇಕಾಗಿರಲಿಲ್ಲ, ಬಿಳಿ ಗುಂಡಿಗಳ ನಡುವೆ ಅದೊಂದೇ ಕೆಂಪು. ತೆಗೆದು ಅಂಗೈಯಲ್ಲಿಟ್ಟುಕೊಂಡೆ. ಜಗಲಿಯ ಬಾಗಿಲವರೆಗೆ ಬಂದೆ. ಇದನ್ನು ಕೊಟ್ಟರೆ ಆ ಹಡಗು ಮನೆ ಮುಟ್ಟಿದ ಹಾಗೆ. ಮುಟ್ಟಿದರೆ ಆಟ ಮುಗಿಯಿತು. ಅವನು ಕಾರು ಹತ್ತಲು ಇನ್ನೊಂದು ಗಂಟೆಯೂ ಇರಲಿಲ್ಲ.

"ಸಿಗ್ಲಿಲ್ಲ" ಎಂದೆ.

"ಸಿಗ್ಲಿಲ್ಲ?"

"ಎಲ್ಲ ಕಡೆ ನೋಡಿದೆ. ಇಲ್ಲ."

ಅವನು ನನ್ನ ಮುಖ ನೋಡಿದ. ಆಮೇಲೆ ಬಿಗಿಯಾಗಿ ಮುಚ್ಚಿದ ನನ್ನ ಬಲಗೈ ಮುಷ್ಟಿಯನ್ನು ನೋಡಿದ. ಮೂವತ್ತೈದು ಮಕ್ಕಳ ತರಗತಿಯಲ್ಲಿ ಯಾರ ಮುಷ್ಟಿಯಲ್ಲಿ ಏನಿದೆ ಎಂದು ದೂರದಿಂದಲೇ ಹೇಳಬಲ್ಲ ನಾನು, ನನ್ನದನ್ನು ಬೆನ್ನ ಹಿಂದೆ ಇಟ್ಟುಕೊಳ್ಳಲು ಮರೆತಿದ್ದೆ.

ಚಹಾದ ಲೋಟ ಕೆಳಗಿಟ್ಟು ಅವನು ಕೇಳಿದ: "ಆ ಕಾಗದ ಕೂಡ ಹೀಗೇ ಸಿಗದೆ ಇದ್ದದ್ದಾ ಮಾಷ್ಟ್ರೇ?"

ಜೀವಮಾನವಿಡೀ ಬಾಯಿಯಲ್ಲೇ ಅನ್ನ ಸಂಪಾದಿಸಿದ ನಾನು ಹೌದೆಂದು ತಲೆ ಆಡಿಸಿದೆ.

"ಥೋ... ಇಷ್ಟು ವರ್ಷ ನಾನು ಬೇರೆಯೇ ಲೆಕ್ಕ ಹಾಕಿದ್ದೆ ಮಾರಾಯ್ರೇ" ಎಂದ. ನಕ್ಕ. ಈ ಸಲದ್ದು ಅಟ್ಟದ ಮೇಲಿನ ನಗು. ಎದ್ದು ಚಪ್ಪಲಿ ಹಾಕಿಕೊಂಡ. ಕಾರಿನ ಬಾಗಿಲು ಹಿಡಿದು ತಿರುಗಿ ಹೇಳಿದ: "ಹುಡುಕ್ಲಿಕ್ಕೆ ಹೋಗ್ಬೇಡಿ."

ಆಮೇಲೆ ಅವನು ಬಂದಿಲ್ಲ. ಕಾಗದಗಳು ಕೆಲವು ವರ್ಷ ಬಂದವು. ವಿಳಾಸ ಬದಲಾಯಿತು, ಮತ್ತೊಮ್ಮೆ ಬದಲಾಯಿತು, ನಿಂತವು. ಪ್ಲಾಸ್ಟಿಕ್ಕಿನ ನೌಕೆಗಳು ಎಲ್ಲಿ ಹೋದವೋ. ಬಂಟ್ವಾಳದಲ್ಲಿ ಆ ಅಂಗಡಿ ಇದ್ದ ಜಾಗದ ಎದುರು ಬಸ್ಸು ನಿಧಾನವಾದಾಗಲೆಲ್ಲ ನಾನು ಹಂಚಿನ ನಡುವಿನ ಗಾಜನ್ನು ಹುಡುಕುತ್ತೇನೆ. ಈಗ ಅಲ್ಲಿ ಹಂಚೇ ಇಲ್ಲ.

ಮನೆಯವಳಿಗೆ ಮೊನ್ನೆ ಹೊಂದುವ ಗುಂಡಿ ಸಿಗಲಿಲ್ಲ. ನೀಲಿ ಅಂಗಿಗೆ ಕಂದು ಗುಂಡಿ ಹೊಲಿದು ಕೊಟ್ಟಳು. ಉಳಿದದ್ದನ್ನೆಲ್ಲ ಬೊಗಸೆಯಲ್ಲಿ ಎತ್ತಿ ಡಬ್ಬಿಗೆ ಸುರಿದಳು. ಕೊನೆಗೆ ಚಾಪೆಯ ಮೇಲೆ ಅದೊಂದೇ ಉಳಿಯಿತು.

"ಅವತ್ತು ಕೊಟ್ಟುಬಿಡ್ಬಹುದಿತ್ತು ನೀವು" ಎಂದಳು.

"ಎಲ್ಲಿ ಕೊಡುವುದು? ಸಿಗ್ಲಿಲ್ಲ ಅಲ್ವಾ" ಎಂದೆ.

ಅವಳು ಅದನ್ನು ಎರಡು ಬೆರಳಲ್ಲಿ ಎತ್ತಿ, ಸೆರಗಿನಲ್ಲಿ ಒಮ್ಮೆ ಒರಸಿ, ಗುಂಡಿಗಳ ತೀರ ಅಡಿಗೆ ತಳ್ಳಿ ಮುಚ್ಚಳ ಒತ್ತಿದಳು.